ಏಡಿ ಕೊಳ್ಳಲು ಹೋಗಿ ಕೈ ಕಚ್ಚಿಸಿಕೊಂಡೆ: ಹಳೆಯ ಮಾದರಿ ರೈಲಿನ ಆನ್‌ಲೈನ್ ಹರಾಜಿನ ಬಗ್ಗೆ ಎಚ್ಚರಿಕೆ

ವಿದೇಶದ ಹರಾಜು ತಾಣಗಳಲ್ಲಿ ಹಳೆಯ ಮಾದರಿ ರೈಲು, ಅಂದರೆ ನಿಜವಾದ ರೈಲಿನ ಪುಟ್ಟ ಪ್ರತಿಕೃತಿ, ಹುಡುಕುವವರು ನಮ್ಮ ಕರಾವಳಿಯಲ್ಲಿ ಬೆರಳೆಣಿಕೆಯಷ್ಟು ಜನ ಇರಬಹುದು. ಆ ಬೆರಳೆಣಿಕೆಯವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. 2024ರ ಜುಲೈಯಲ್ಲಿ ನಾನು ಒಂದು ಎಂಜಿನ್‌ಗೆ ಹತ್ತಿರ ಹತ್ತಿರ ಐವತ್ತು ಸಾವಿರ ರೂಪಾಯಿ ಸುರಿದೆ. ಅದು ಈಗ ಬಿಸ್ಕತ್ತಿನ ಡಬ್ಬಿಯಲ್ಲಿ ನಾಲ್ಕು ತುಂಡು ಮತ್ತು ಒಂದು ಚಮಚ ಬೂದು ಪುಡಿಯಾಗಿ ಕುಳಿತಿದೆ. ಇದರಲ್ಲಿ ಮೋಸ ಎಷ್ಟು, ನನ್ನ ಪೆದ್ದುತನ ಎಷ್ಟು ಎಂಬುದನ್ನು ಓದಿದ ಮೇಲೆ ನೀವೇ ಹೇಳಿ.

ಉಡುಪಿಗೆ ರೈಲು ಬಂದದ್ದೇ 1993ರಲ್ಲಿ. ಇಂದ್ರಾಳಿಯ ನಿಲ್ದಾಣದಲ್ಲಿ ಅಪ್ಪನ ಕೈ ಹಿಡಿದು ನಿಂತಿದ್ದ ನನಗೆ ಆಗ ಒಂಬತ್ತು ವರ್ಷ. ಆದರೆ ನನಗೆ ರೈಲಿನ ಹುಚ್ಚು ಹಿಡಿಸಿದ್ದು ಅಂದಿನ ಡೀಸೆಲ್ ಎಂಜಿನ್ ಅಲ್ಲ, ನನ್ನ ಸೋದರಮಾವ. ಮೀಸೆ ಮೂಡುವ ಮೊದಲೇ ಮುಂಬೈಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ತನಕ ಬೆಳೆದವರು ಅವರು. ಊರಿಗೆ ಬಂದಾಗಲೆಲ್ಲ ಮುಂಬೈ-ಪುಣೆ ನಡುವಿನ ಭೋರ್ ಘಾಟಿಯಲ್ಲಿ ಕಂಡ ಒಂದು ವಿದ್ಯುತ್ ಎಂಜಿನ್ನಿನ ಕಥೆ ಹೇಳುತ್ತಿದ್ದರು. ಹಿಂದೆ ಮುಂದೆ ಉದ್ದನೆಯ ಮೂತಿ, ನಡುವೆ ಚಾಲಕನ ಕೋಣೆ, ಚಕ್ರಗಳನ್ನು ಜೋಡಿಸುವ ಉಕ್ಕಿನ ತೋಳುಗಳು ಮೇಲೆ ಕೆಳಗೆ ಆಡುತ್ತಾ ಘಾಟಿ ಏರುವ ಯಂತ್ರ. ಅಲ್ಲಿನವರು ಅದನ್ನು ಖೇಕ್ಡಾ, ಅಂದರೆ ಏಡಿ ಎನ್ನುತ್ತಿದ್ದರಂತೆ. ಮಾವ ನಮಗೆ ತುಳುವಿನಲ್ಲಿ ಡೆಂಜಿ ಎಂಜಿನ್ ಎಂದೇ ಹೇಳುತ್ತಿದ್ದರು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗಾಗಿ 1920ರ ದಶಕದ ಕೊನೆಯಲ್ಲಿ ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರ್ ಕಾರ್ಖಾನೆಯಲ್ಲಿ ಹುಟ್ಟಿದ ವಿನ್ಯಾಸ ಅದು. ಒಂದು ಎಂಜಿನ್ ಈಗಲೂ ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿದೆ.

ಇದಕ್ಕೊಂದು ಸ್ವಿಸ್ ಅಣ್ಣ ಇದೆ. ಗೊಟ್ಟಾರ್ಡ್ ಮಾರ್ಗದಲ್ಲಿ ಓಡುತ್ತಿದ್ದ ಆ ಎಂಜಿನ್ನಿಗೆ ಅಲ್ಲಿನವರು ಇಟ್ಟ ಹೆಸರು ಮೊಸಳೆ. ಅವರಿಗೆ ಮೊಸಳೆಯಂತೆ ಕಂಡದ್ದು ಇಲ್ಲಿ ಏಡಿಯಂತೆ ಕಂಡಿತು, ಅವರವರ ಊರಿನ ಕಣ್ಣು. ಯುರೋಪಿನ ಹಲವು ಕಂಪನಿಗಳು ಮೊಸಳೆಯನ್ನು 1:87 ಅಳತೆಯಲ್ಲಿ, 16.5 ಮಿಲಿಮೀಟರ್ ಹಳಿಯ ಮೇಲೆ ಓಡುವಂತೆ ಮಾಡಿವೆ. ಭಾರತದ ಏಡಿ ಕೈಗೆಟುಕದಿದ್ದರೆ ಅಣ್ಣನನ್ನಾದರೂ ತರೋಣ ಎಂದುಕೊಂಡೆ.

ಬ್ಯಾಂಕಿನಲ್ಲಿ ಕೆಲಸ ಮಾಡುವವನಾದ್ದರಿಂದ ಬೆಲೆಗಳನ್ನು ಪುಸ್ತಕದಲ್ಲಿ ಬರೆದಿಡುವ ಚಟ. 2019ರಲ್ಲಿ ನಾನು ನೋಡುತ್ತಿದ್ದ ಎಂಜಿನ್ 120 ಯೂರೋದ ಆಸುಪಾಸಿನಲ್ಲಿತ್ತು. 2020ರ ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕುಳಿತ ಜಗತ್ತಿನ ಎಷ್ಟೋ ಗಂಡಸರು ಅಟ್ಟದಿಂದ ಹಳೆಯ ರೈಲು ಇಳಿಸಿದರು. ಇಳಿಸಿದ ಮೇಲೆ ಇನ್ನೆರಡು ಡಬ್ಬಿ ಬೇಕು ಎನ್ನಿಸಿತು. ಹೊಸ ಮಾದರಿಗಳೂ ತುಟ್ಟಿಯಾದವು. ಮುಂಗಡ ಬುಕಿಂಗ್ ಎಷ್ಟಿದೆಯೋ ಹೆಚ್ಚುಕಡಿಮೆ ಅಷ್ಟೇ ತಯಾರಿಸುವ ಪದ್ಧತಿ ಬೆಳೆಯಿತು, ತಪ್ಪಿಸಿಕೊಂಡವರೆಲ್ಲ ಹಳೆಯದರ ಕಡೆ ತಿರುಗಿದರು. ಸಾಲದ್ದಕ್ಕೆ ನಮ್ಮ ರೂಪಾಯಿ: 2019ರಲ್ಲಿ ಎಂಬತ್ತರ ಹತ್ತಿರವಿದ್ದ ಯೂರೋ 2024ಕ್ಕೆ ತೊಂಬತ್ತು ದಾಟಿತ್ತು. ನನ್ನ ಪುಸ್ತಕದಲ್ಲಿ 120 ಇದ್ದದ್ದು 200 ಆಯಿತು, 300 ಆಯಿತು, 2024ರ ಬೇಸಿಗೆಯಲ್ಲಿ 380 ಎಂದು ಬರೆದುಕೊಂಡೆ. ಇನ್ನು ತಡ ಮಾಡಿದರೆ ಈ ಜನ್ಮದಲ್ಲಿ ಸಿಗುವುದಿಲ್ಲ ಎಂಬ ಹೆದರಿಕೆ ಹೊಕ್ಕಿತು.

ನಾನು ಬರೆದುಕೊಂಡದ್ದು ಮಾರುವವರು ಕೇಳಿದ ಬೆಲೆಯನ್ನು, ಕೊಂಡವರು ಕೊಟ್ಟ ಬೆಲೆಯನ್ನಲ್ಲ. ಸರಿಯಾದ ಬೆಲೆಯ ಸರಕು ಎರಡು ದಿನದಲ್ಲಿ ಮಾರಾಟವಾಗಿ ಪುಟದಿಂದ ಮಾಯವಾಗುತ್ತದೆ. 380 ಕೇಳಿದವನ ಎಂಜಿನ್ ಯಾರಿಗೂ ಬೇಡವಾಗಿ ವರ್ಷಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ನಾವು ಹೋದಾಗಲೆಲ್ಲ ಕಣ್ಣಿಗೆ ಬೀಳುವುದು ಅದೇ. ಅದನ್ನು ನೋಡಿ ಇನ್ನೊಬ್ಬ ತನ್ನದಕ್ಕೆ 390 ಎಂದು ಬರೆಯುತ್ತಾನೆ. ಸಂಜೆ ಮಾರುಕಟ್ಟೆಯಲ್ಲಿ ಉಳಿದ ಮೀನನ್ನು ನೋಡಿ ಬೆಳಗಿನ ದರ ಅಂದಾಜು ಮಾಡಿದ ಹಾಗೆ. ಹುಡುಕುವ ಪುಟದಲ್ಲಿ ಮಾರಾಟವಾದವುಗಳನ್ನು ಮಾತ್ರ ತೋರಿಸುವ ಆಯ್ಕೆ ಇರುತ್ತದೆ. ಎಲ್ಲ ಮುಗಿದ ಮೇಲೆ ನಾನು ಅದನ್ನು ಒತ್ತಿದೆ. ಅದೇ ಬೇಸಿಗೆಯಲ್ಲಿ ಅದೇ ಮಾದರಿಯ, ಓಡುವ ಸ್ಥಿತಿಯ ಎಂಜಿನ್‌ಗಳು 170ರಿಂದ 200 ಯೂರೋಗೆ ಹೋಗಿದ್ದವು.

ನನ್ನ ಎಂಜಿನ್ ಜರ್ಮನಿಯ ಒಬ್ಬ ಖಾಸಗಿ ಮಾರಾಟಗಾರನದ್ದು. ಆರು ಫೋಟೋ, ಆರೂ ಮೇಲಿನಿಂದ ತೆಗೆದವು. ಹಸಿರು ಮೇಜುಬಟ್ಟೆಯ ಮೇಲೆ ಎಂಜಿನ್, ಬಟ್ಟೆಯ ಎಡ ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯದ್ದೋ ಏನೋ ಒಂದು ಕಂದು ಸುಟ್ಟ ಕಲೆ. ವಿವರಣೆಯಲ್ಲಿ ಎರಡು ಸಾಲು: ಅಜ್ಜನ ಸಂಗ್ರಹದಿಂದ, ಓಡಿಸಿ ನೋಡಿಲ್ಲ. ಈ 'ಓಡಿಸಿ ನೋಡಿಲ್ಲ' ಎಂಬ ಮಾತನ್ನು ಕಂಡರೆ ಇವತ್ತು ನನಗೆ ಮೈ ಉರಿಯುತ್ತದೆ. ಎಂಜಿನ್ ಮಾರುವವನಿಗೆ ಅಜ್ಜನ ಹಳಿಯ ಮೇಲಿಟ್ಟು ಓಡಿಸಿ ನೋಡಲು ಎರಡು ನಿಮಿಷ ಸಾಕು. ಓಡಿದ್ದರೆ ಅದನ್ನು ದಪ್ಪಕ್ಷರದಲ್ಲಿ ಬರೆಯುತ್ತಿದ್ದ.

ಮಂಗಳವಾರ 180 ಯೂರೋ ನನ್ನ ಮಿತಿ ಎಂದು ಹಾಕಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇಂಥ ತಾಣಗಳಲ್ಲಿ ನಾವು ಹಾಕಿದ ಮಿತಿ ಬೇರೆಯವರಿಗೆ ಕಾಣಿಸುವುದಿಲ್ಲ. ಇನ್ನೊಬ್ಬ ಏರಿಸಿದಂತೆ ನಮ್ಮ ಪರವಾಗಿ ಯಂತ್ರವೇ ಒಂದೊಂದು ಹೆಜ್ಜೆ ಏರಿಸುತ್ತಾ ಹೋಗುತ್ತದೆ. ಗುರುವಾರ ಯಾರೋ ನನ್ನನ್ನು ದಾಟಿದರು. ರಾತ್ರಿ 220 ಮಾಡಿದೆ. ಮತ್ತೆ ದಾಟಿದರು. ಹರಾಜು ಮುಗಿಯುವುದು ಭಾನುವಾರ, ಜರ್ಮನಿಯ ಸಂಜೆ ಏಳಕ್ಕೆ, ನಮಗೆ ರಾತ್ರಿ ಹತ್ತೂವರೆ. ಜುಲೈಯ ಮಳೆ, ಗಾಳಿಗೆ ತೆಂಗಿನ ಗರಿ ತಂತಿಯ ಮೇಲೆ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಆ ಭಯಕ್ಕೆ ಶುಕ್ರವಾರವೇ 265 ಹಾಕಿ ನಿಶ್ಚಿಂತನಾದೆ.

ಶನಿವಾರ ಬೆಳಿಗ್ಗೆ ನೋಡಿದರೆ ಬೆಲೆ 270, ನಾನು ಸೋತಿದ್ದೆ. ಇನ್ನು ಸಾಕು ಎಂದು ಕೈಬಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡುವಾಗ ಬೆಲೆ 230ಕ್ಕೆ ಇಳಿದಿತ್ತು, ಮುಂದಿರುವವನು ಮತ್ತೆ ನಾನೇ! ಎದುರಾಳಿ ಮೊತ್ತ ತಪ್ಪಾಗಿ ಬರೆದೆ ಎಂದು ಬಿಡ್ ಹಿಂತೆಗೆದುಕೊಂಡಿದ್ದ. ಅವನು ಹೆದರಿ ಹಿಂದೆ ಸರಿದ ಎಂದು ಹೆಂಡತಿಗೆ ಜಂಬದಿಂದ ಹೇಳಿದೆ. ಅವಳು ದೋಸೆ ಮಗುಚುತ್ತಾ "ಹೆದರಿದವನು ಅಲ್ಲಿಯ ತನಕ ಯಾಕೆ ಬಂದ?" ಎಂದಳು. ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ರಾತ್ರಿ ಹತ್ತು ಗಂಟೆಗೆ ನಿರೀಕ್ಷಿಸಿದಂತೆ ಕರೆಂಟು ಹೋಯಿತು. ಇನ್ವರ್ಟರ್ ಕುಂಯ್ ಕುಂಯ್ ಎನ್ನುತ್ತಿತ್ತು, ಹೆಂಚಿನ ಮೇಲೆ ಮಳೆ ಬಡಿಯುತ್ತಿತ್ತು, ನಾನು ಕಿಟಕಿಯ ಬಳಿ ಒಂದೇ ಕಡ್ಡಿ ಸಿಗ್ನಲ್ ಹಿಡಿದುಕೊಂಡು ನಿಂತಿದ್ದೆ. ಕೊನೆಯ ನಿಮಿಷದಲ್ಲಿ ಅದೇ ಎದುರಾಳಿ 257 ಕೂಗಿದ. ನನ್ನ ಯಂತ್ರ 262 ಎಂದಿತು. ಮುಗಿಯಿತು. ಗೆದ್ದೆ.

ಆಮೇಲೆ ಬಿಡ್‌ಗಳ ಇತಿಹಾಸವನ್ನು ಬಿಡಿಸಿ ನೋಡಿದೆ. ಎದುರಾಳಿಯ ಹೆಸರಿನ ಎರಡು ಅಕ್ಷರ ಬಿಟ್ಟು ಉಳಿದದ್ದೆಲ್ಲ ನಕ್ಷತ್ರ. ಅವನ ಖಾತೆಗೆ ಬಂದ ಅಭಿಪ್ರಾಯಗಳು ಸೊನ್ನೆ. ಅವನು ಆ ತಿಂಗಳು ಹಾಕಿದ ಬಿಡ್‌ಗಳಲ್ಲಿ ನೂರಕ್ಕೆ ನೂರು ಇದೇ ಮಾರಾಟಗಾರನ ಸರಕುಗಳಿಗೆ. ಶನಿವಾರ ನಡೆದದ್ದು ಆಗ ಹೊಳೆಯಿತು. ನನ್ನ ಮಿತಿಯನ್ನು ದಾಟುವ ತನಕ ಏರಿಸಿ, 270 ಕಂಡಾಗ, ಒಂದು ಹೆಜ್ಜೆ ಐದು ಯೂರೋ ಆದ್ದರಿಂದ ನನ್ನ ತಳ 265 ಎಂದು ತಿಳಿದುಕೊಂಡು, ಹಿಂತೆಗೆದುಕೊಂಡು, ಕೊನೆಗೆ ಅದಕ್ಕಿಂತ ತುಸು ಕೆಳಗೆ ನಿಂತ. ಜೇಬಿಗೆ ಕೈ ಹಾಕಿ ಹಣ ಎಣಿಸಿ, ವಾಪಸ್ ಇಟ್ಟು, ಆಮೇಲೆ ಬೆಲೆ ಹೇಳಿದ ಹಾಗೆ. ಅವನು ಮಾರಾಟಗಾರನೇ ಅಥವಾ ಅವನ ಭಾವನೇ ಎಂದು ಸಾಬೀತು ಮಾಡಲು ನನ್ನಿಂದ ಸಾಧ್ಯವಿಲ್ಲ. ಮಲ್ಪೆ ಬಂದರಿನ ಏಲಂನಲ್ಲಿ ಪಕ್ಕದವನು ಯಾರ ಕಡೆಯವನು ಎಂಬುದು ಮುಖ ನೋಡಿದರೇ ತಿಳಿಯುತ್ತದೆ. ಇಲ್ಲಿ ಮುಖದ ಜಾಗದಲ್ಲಿ ನಕ್ಷತ್ರ.

ನಿಜವಾದ ಮಿತಿಯನ್ನು ಮೊದಲೇ ಹಾಕಬೇಡಿ. ಕೊನೆಯ ಕೆಲವು ಸೆಕೆಂಡಿನಲ್ಲಿ ಒಂದೇ ಸಲ ಹಾಕಿ. ಜಾಲಾಡಲು ಬರುವವನಿಗೆ ಆಗ ಸಮಯವೇ ಸಿಗುವುದಿಲ್ಲ. ಕರೆಂಟು ಹೋಗಿ ಎಂಜಿನ್ ತಪ್ಪಿದರೆ ತಪ್ಪಲಿ, ಇನ್ನೊಂದು ಬಂದೇ ಬರುತ್ತದೆ. ಹಿಂತೆಗೆತ ಕಂಡ ಕ್ಷಣವೇ ಆ ಹರಾಜಿನಿಂದ ಹೊರಬರುವ ದಾರಿ ಇದೆಯೇ ಎಂದು ನೋಡಿ.

262ಕ್ಕೆ 38 ಯೂರೋ ಅಂಚೆ ಸೇರಿ 300. ಕಾರ್ಡಿನ ವಿದೇಶಿ ವಿನಿಮಯ ಶುಲ್ಕವೂ ಸೇರಿ 28,300 ರೂಪಾಯಿ ಹೋಯಿತು. ಪಾರ್ಸೆಲ್ ಐದು ವಾರ ಎಲ್ಲೋ ಕುಳಿತು, ಕೊನೆಗೆ ಸುಂಕ ಎಂದು 20,900 ರೂಪಾಯಿಯ ಚೀಟಿಯೊಂದಿಗೆ ಬಂತು. ಒಟ್ಟು 49,200. ಬ್ಯಾಂಕಿನವನಾಗಿಯೂ ನಾನು ಸುಂಕವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಇದನ್ನು ಸಹೋದ್ಯೋಗಿಗಳಿಗೆ ಇನ್ನೂ ಹೇಳಿಲ್ಲ. ಸುಂಕದ ಕಣ್ಣಿಗೆ ನಮ್ಮ ಮಾದರಿ ರೈಲು ಒಂದು ಆಟಿಕೆ. ಆಟಿಕೆಗಳ ಮೂಲ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸ್ವಂತ ಬಳಕೆಗೆಂದು ಅಂಚೆಯಲ್ಲಿ ತರಿಸಿದ್ದಕ್ಕೆ ಬೇರೆಯೇ ದರ. ಅದರ ಮೇಲೆ ಜಿಎಸ್‌ಟಿ. ದರಗಳು ಬದಲಾಗುತ್ತಲೇ ಇರುತ್ತವೆ, ಬಿಡ್ ಹಾಕುವ ದಿನದ ದರ ನೋಡಿ, ಅದನ್ನು ಕಳೆದ ಮೇಲೆ ಉಳಿಯುವುದೇ ನಿಮ್ಮ ಮಿತಿ. ಉಡುಗೊರೆ ಎಂದು ಬರೆದು ಕಳುಹಿಸಲೇ ಎಂದು ಕೆಲವು ಮಾರಾಟಗಾರರು ಕೇಳುತ್ತಾರೆ. ಬೇಡ. ಐದು ಸಾವಿರದ ಒಳಗಿನ ಉಡುಗೊರೆಗೆ ಇದ್ದ ವಿನಾಯಿತಿಯೂ 2019ರ ಡಿಸೆಂಬರ್‌ನಲ್ಲಿ ಹೋಗಿದೆ, ಸುಳ್ಳು ಬರೆಸಿದ ಪಾಪ ಮಾತ್ರ ಉಳಿಯುತ್ತದೆ.

ಡಬ್ಬಿ ಬಿಚ್ಚಿದಾಗ ಮೊದಲು ಕಂಡದ್ದು ಪುಡಿ. ಸ್ಪಂಜಿನ ಮಡಿಕೆಗಳಲ್ಲಿ ಬೂದಿಯಂಥ ಸಣ್ಣ ಹರಳು. ಎಂಜಿನ್ ಮೇಲುಗಡೆಯಿಂದ ಚೆನ್ನಾಗಿಯೇ ಇತ್ತು, ಕಂದು ಬಣ್ಣ ಹೊಳೆಯುತ್ತಿತ್ತು. ಮೇಜಿನ ಗಾಜಿನ ಮೇಲಿಟ್ಟೆ. ನಡುವಿನ ಚಕ್ರಗಳು ನೆಲ ಮುಟ್ಟಲಿಲ್ಲ, ಬೆನ್ನು ಬಾಳೆಕಾಯಿಯಂತೆ ಬಾಗಿತ್ತು. ತಿರುಗಿಸಿ ನೋಡಿದರೆ ಎರಕದ ಚೌಕಟ್ಟಿನ ತುಂಬ ಬೇಸಿಗೆಯ ಗದ್ದೆಯಂತೆ ಬಿರುಕು. ಒಂದು ಸ್ಕ್ರೂ ಅರ್ಧ ಸುತ್ತು ಸಡಿಲಿಸಿದೆನಷ್ಟೆ, ಚೌಕಟ್ಟಿನ ಮೂಲೆ ಕೋರಿರೊಟ್ಟಿಯ ಹಾಗೆ ಪಟಕ್ಕೆಂದು ಮುರಿದು ಬೆರಳಲ್ಲಿ ಉಳಿಯಿತು.

ಇದು ಸತುವಿನ ರೋಗ. ಮಾದರಿ ರೈಲಿನ ಚೌಕಟ್ಟು, ಚಕ್ರ, ತೂಕದ ಗಟ್ಟಿಗಳನ್ನು ಸತು ಮತ್ತು ಅಲ್ಯೂಮಿನಿಯಂ ಬೆರೆತ ಮಿಶ್ರಲೋಹದಿಂದ ಎರಕ ಹೊಯ್ಯುತ್ತಾರೆ. ಆ ಸತುವಿನಲ್ಲಿ ಸೀಸದಂಥ ಕಶ್ಮಲ ಒಂದಿಷ್ಟು ಉಳಿದರೂ ಸಾಕು, ಲೋಹದ ಕಣಗಳ ನಡುವೆ ಸವೆತ ಶುರುವಾಗಿ ಎರಕ ಉಬ್ಬುತ್ತದೆ, ಬಿರಿಯುತ್ತದೆ, ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಆಟಿಕೆಗಳಲ್ಲಿ ಇದು ಬಲು ಸಾಮಾನ್ಯ; 2000ದ ನಂತರದ ಕೆಲವು ಮಾದರಿಗಳನ್ನೂ ಬಿಟ್ಟಿಲ್ಲ. ಒಂದರಿಂದ ಇನ್ನೊಂದಕ್ಕೆ ಹರಡುವುದಿಲ್ಲ, ಹಾಗಾಗಿ ಉಳಿದ ಎಂಜಿನ್‌ಗಳನ್ನು ಬೇರೆ ಕೋಣೆಗೆ ಸಾಗಿಸುವ ಅಗತ್ಯವಿಲ್ಲ (ನಾನು ಸಾಗಿಸಿದ್ದೆ). ಆದರೆ ಮದ್ದೂ ಇಲ್ಲ. ಸೆಕೆ ಮತ್ತು ತೇವ ಅದನ್ನು ಬೆಳೆಸುತ್ತವೆ, ಅಂದರೆ ಉಡುಪಿ ಅದಕ್ಕೆ ತವರುಮನೆ. ಬಂದ ದಿನ ಎರಡು ತುಂಡಿದ್ದದ್ದು ಚೌತಿಯ ಹೊತ್ತಿಗೆ ನಾಲ್ಕಾಯಿತು.

ಹೆಂಡತಿ ಆ ಪುಡಿಯನ್ನು ಪೊರಕೆಯಲ್ಲಿ ಒಟ್ಟು ಮಾಡುತ್ತಾ ಕೇಳಿದಳು: "ಕಿವಿರು ಎತ್ತಿ ನೋಡದೆ ಒಂದು ಬಂಗುಡೆ ತರುವವರಲ್ಲ ನೀವು. ಇದನ್ನು ಹೇಗೆ ತಂದಿರಿ ಮಾರಾಯರೇ?"

ಮಾದರಿ ರೈಲಿಗೂ ಕಿವಿರು ಇದೆ, ಅದು ಅಡಿಭಾಗ. ಕೆಳಗಿನಿಂದ ತೆಗೆದ ಫೋಟೋ ಕೇಳಿ. ಗಾಜಿನ ಮೇಲಿಟ್ಟು ಪಕ್ಕದಿಂದ ತೆಗೆದದ್ದು ಕೇಳಿ, ಬಾಗಿದ್ದರೆ ತಿಳಿಯುತ್ತದೆ. ಓಡುವ ವಿಡಿಯೋ ಕೇಳಿ. ಉತ್ತರ ಬಾರದಿದ್ದರೆ ಅದೇ ಉತ್ತರ. ಜೊತೆಗೆ ವಿದ್ಯುತ್ತಿನ ವಿಷಯವನ್ನೂ ಕೇಳಿಕೊಳ್ಳಿ: ಮಂಗಳೂರಿನ ನನ್ನ ಗೆಳೆಯರೊಬ್ಬರು ಎರಡು ಹಳಿಗಳಿಂದಲೇ ವಿದ್ಯುತ್ ಕೊಡುವ ಡಿಸಿ ವ್ಯವಸ್ಥೆ ಇಟ್ಟುಕೊಂಡು, ಹಳಿಗಳ ನಡುವಿನ ಸಂಪರ್ಕದಿಂದ ಎಸಿ ಪಡೆಯುವ ಎಂಜಿನ್ ತರಿಸಿದರು. ಹಳಿಯ ಅಗಲ ಒಂದೇ, ಅದರ ಮೇಲೆ ನಿಂತಿತು, ಓಡಲಿಲ್ಲ.

ಮಾರಾಟಗಾರನಿಗೆ ಫೋಟೋ ಸಮೇತ ಬರೆದೆ. ಖಾಸಗಿ ಮಾರಾಟ, ವಾಪಸ್ ಇಲ್ಲ ಎಂದು ಒಂದು ಸಾಲು ಬಂತು. ತಾಣಕ್ಕೆ ದೂರು ಕೊಡಲು ಹೋದರೆ, ಪಾರ್ಸೆಲ್ ಐದು ವಾರ ಕುಳಿತಿದ್ದಾಗಲೇ ಅವಧಿ ಮುಗಿದಿತ್ತು. ಪಾರ್ಸೆಲ್ ತಡವಾದರೆ ಕಾಯುತ್ತಾ ಕೂರದೆ, ಕೈಗೆ ಬರುವ ಮೊದಲೇ ದೂರು ದಾಖಲಿಸಿಡಿ. ಎದುರಾಳಿಯ ಖಾತೆಯ ಬಗ್ಗೆ ಕೊಟ್ಟ ದೂರಿಗೆ ಪರಿಶೀಲಿಸುತ್ತೇವೆ ಎಂಬ ಯಂತ್ರದ ಉತ್ತರ ಬಂದಿದೆ. ಏನು ಪರಿಶೀಲಿಸಿದರು ಎಂದು ತಿಳಿಸುವ ಪದ್ಧತಿ ಅಲ್ಲಿಲ್ಲವಂತೆ.

ಮೊನ್ನೆ ಬೇರೆ ಹೆಸರಿನ ಖಾತೆಯಲ್ಲಿ ಇನ್ನೊಂದು ಮೊಸಳೆ ಕಂಡಿತು. ಆರು ಫೋಟೋ, ಎಲ್ಲವೂ ಮೇಲಿನಿಂದ. ಓಡಿಸಿ ನೋಡಿಲ್ಲ. ಹಸಿರು ಮೇಜುಬಟ್ಟೆ, ಎಡ ಮೂಲೆಯಲ್ಲಿ ಕಂದು ಸುಟ್ಟ ಕಲೆ. ನಾನು ನೋಡುವ ಹೊತ್ತಿಗೆ ಹನ್ನೊಂದು ಬಿಡ್ ಬಿದ್ದಿತ್ತು.