ಆರ್‌ನಲ್ಲಿ ಸಂಕೀರ್ಣ ಸಂಖ್ಯೆ: ಸಾದಾ ಪ್ಲಾಟ್ ಸಾಕಾ, ಜಿಜಿಪ್ಲಾಟ್ ಬೇಕಾ?

ಅಕ್ಕನ ಮಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಮೊದಲ ಪಿಯುಸಿ ಓದುತ್ತಿದ್ದಾನೆ. ಭಾನುವಾರ ಸಂಕೀರ್ಣ ಸಂಖ್ಯೆಯ, ಅಂದರೆ ವಾಸ್ತವ, ಕಾಲ್ಪನಿಕ ಅಂತ ಎರಡು ಭಾಗ ಇರುವ ಸಂಖ್ಯೆಯ ಪಾಠ ಹಿಡಿದುಕೊಂಡು ಮನೆಗೆ ಬಂದ. ಬಾಯಲ್ಲಿ ಹೇಳೋದಕ್ಕಿಂತ ಚಿತ್ರ ತೋರಿಸೋದು ವಾಸಿ ಅಂತ ಲ್ಯಾಪ್‌ಟಾಪ್ ತೆಗೆದು, ನಾನು ಕೆಲಸಕ್ಕೆ ದಿನಾ ಬಳಸುವ ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಶುರು ಮಾಡಿದೆ.

ಮೊದಲು ಆರ್ ಜೊತೆಗೇ ಬರುವ ಸಾದಾ ಪ್ಲಾಟ್. ಒಂದು ಮಾನ ತ್ರಿಜ್ಯದ ವೃತ್ತದ ಮೇಲಿನ 200 ಬಿಂದುಗಳನ್ನು ಝಡ್ ಅನ್ನೋ ಹೆಸರಿನಲ್ಲಿ ತುಂಬಿ ಪ್ಲಾಟ್(ಝಡ್) ಅಂದೆ, ಮುಗೀತು. ವಾಸ್ತವ ಭಾಗ ಅಡ್ಡಕ್ಕೆ, ಕಾಲ್ಪನಿಕ ಭಾಗ ಮೇಲಕ್ಕೆ, ಅದೇ ಬಿಡಿಸಿಕೊಳ್ಳುತ್ತೆ. ಹುಡುಗ ನೋಡಿ, "ಮಾಮಾ, ಇದು ಸರ್ಕಲ್ ಅಲ್ಲ, ಬದನಿಕಾಯಿ ಆಗೇತಿ" ಅಂದ. ನಿಜ ಅಲ್ವಾ! ಕಿಟಕಿ ಎಷ್ಟು ಅಗಲ ಇದೆಯೋ ಅಷ್ಟಕ್ಕೆ ಆರ್ ಚಿತ್ರವನ್ನು ಜಗ್ಗಿಬಿಡುತ್ತೆ. ಎಎಸ್‌ಪಿ = 1 ಅಂತ ಸೇರಿಸಿದರೆ ಎರಡೂ ಅಕ್ಷದ ಅಳತೆ ಒಂದೇ ಆಗಿ ವೃತ್ತ ವೃತ್ತವಾಗುತ್ತೆ. ಲೈನ್ಸ್(ಝಡ್), ಪಾಯಿಂಟ್ಸ್(ಝಡ್) ಕೂಡ ಹೀಗೇ ಸಲೀಸು.

ಆರ್‌ಗೆ ಬೇರೆಯಾಗಿ ಸೇರಿಸಿಕೊಳ್ಳುವ ಚಿತ್ರದ ಪ್ಯಾಕೇಜ್ ಜಿಜಿಪ್ಲಾಟ್2ಗೆ ಈ ಕರುಣೆ ಇಲ್ಲ. ವಾಸ್ತವ ಭಾಗಕ್ಕೆ ಆರ್‌ಇ(ಝಡ್), ಕಾಲ್ಪನಿಕ ಭಾಗಕ್ಕೆ ಐಎಂ(ಝಡ್) ಅಂತ ನಾವೇ ಬಿಡಿಸಿ ಕೊಡಬೇಕು, ಅಳತೆ ಸಮ ಮಾಡೋಕೆ ಕೋಆರ್ಡ್_ಫಿಕ್ಸ್ಡ್ ಹಾಕಬೇಕು. ಬಿಂದುಗಳನ್ನು ಗೆರೆಯಿಂದ ಜೋಡಿಸೋಕೆ ನಾನು ಸುಮ್ನೆ ಅಭ್ಯಾಸಬಲದಿಂದ ಜಿಯೋಮ್_ಲೈನ್ ಬರೆದೆ. ವೃತ್ತದ ಬದಲು ನವಲಗುಂದದ ಜಮಖಾನಕ್ಕೆ ಮಗ್ಗದ ಮೇಲೆ ಎಳೆ ಕಟ್ಟಿದ ಹಾಗೆ ಮೇಲೆ ಕೆಳಗೆ ಗೆರೆಗಳು ತುಂಬಿಕೊಂಡವು. ಜಿಯೋಮ್_ಲೈನ್ ಬಿಂದುಗಳನ್ನು ನಾವು ಕೊಟ್ಟ ಸಾಲಿನಲ್ಲಿ ಜೋಡಿಸಲ್ಲ, ಎಡದಿಂದ ಬಲಕ್ಕೆ ವಿಂಗಡಿಸಿ ಜೋಡಿಸುತ್ತೆ. ಜಿಯೋಮ್_ಪಾತ್ ಅಂತ ಬದಲಿಸಿದ ಮೇಲೆ ಸರಿಹೋಯಿತು. ಇಷ್ಟು ವರ್ಷ ಬಳಸಿಯೂ ಇಲ್ಲೇ ಎಡವುತ್ತೇನೆ.

ಬಣ್ಣ ಬೇಕು ಅಂದಾಗ ಮಾತ್ರ ತಕ್ಕಡಿ ವಾಲುತ್ತೆ. 0.95 ಉದ್ದ, 0.3 ರೇಡಿಯನ್ ಕೋನ ಇರುವ ಒಂದು ಸಂಖ್ಯೆಯನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸುತ್ತಾ ಹೋದೆ. ಪ್ರತಿ ಸಲ ಅಷ್ಟಷ್ಟೇ ತಿರುಗಿ, ಸ್ವಲ್ಪ ಸ್ವಲ್ಪ ಕುಗ್ಗಿ, ಜಿಲೇಬಿ ಸುತ್ತಿದ ಹಾಗೆ ಸೊನ್ನೆಯ ಕಡೆ ಸುರುಳಿ. ಜಿಜಿಪ್ಲಾಟ್‌ನಲ್ಲಿ ಬಣ್ಣ ಅಂದರೆ ಮಾಡ್(ಝಡ್), ಅಂದರೆ ಸೊನ್ನೆಯಿಂದ ಇರುವ ದೂರ, ಅಂತ ಒಂದು ಮಾತು ಬರೆದರೆ ಬಣ್ಣವೂ ಬಂತು, ಪಕ್ಕದಲ್ಲಿ ಅದರ ಪಟ್ಟಿಯೂ ಬಂತು. ಸಾದಾ ಪ್ಲಾಟ್‌ನಲ್ಲಿ ಎರಡನ್ನೂ ಕೈಯಾರೆ ಕಟ್ಟಬೇಕು, ಜಾಸ್ತಿ ರಗಳೆ.

ಯಾವುದನ್ನೇ ಹಿಡಿಯಿರಿ, ಕಾಲ್ಪನಿಕ ಭಾಗದ ಗುರುತಾದ ಐ ಅನ್ನು ಬರೀ ಐ ಅಂತ ಬರೆದರೆ ಆರ್‌ಗೆ ತಿಳಿಯಲ್ಲ, 1ಐ ಅನ್ನಬೇಕು.

ಬಣ್ಣ ಬೇಡ ಅಂದರೆ ನನ್ನ ಮತ ಸಾದಾ ಪ್ಲಾಟ್‌ಗೇ. ಹುಡುಗನೂ ಅದನ್ನೇ ಬರೆದುಕೊಂಡು ಹೋದ. ರಾತ್ರಿ ಫೋಟೋ ಕಳಿಸಿದ. ಮತ್ತೆ ಬದನೆಕಾಯಿ.