ಗುಡ್‌ವುಡ್ ಹೌಸ್ ಒಂದು ದಿನದ ಟೂರ್: ಮನೆಗೆ ಐದು ಸ್ಟಾರ್, ಗೈಡ್‌ಗೆ ಎರಡು

ಊರಿಂದ ಬಂದಿದ್ದ ಅತ್ತೆಯನ್ನು ಕರೆದುಕೊಂಡು ಲಂಡನ್‌ನಿಂದ ಗುಡ್‌ವುಡ್ ಹೌಸ್ ನೋಡಿ ಬಂದೆ. ಒಂದು ಸಣ್ಣ ಟೂರ್ ಕಂಪನಿಯ ವ್ಯಾನು, ಹೆಸರು ಬೇಡ ಬಿಡಿ. ತಲಾ 95 ಪೌಂಡ್. ಎಸಿ ಕೆಲಸ ಮಾಡಲಿಲ್ಲ, ಊಟಕ್ಕೆ ಕೊಟ್ಟಿದ್ದು ಇಪ್ಪತ್ತೇ ನಿಮಿಷ. ಅದನ್ನೆಲ್ಲ ಸಹಿಸಿಕೊಳ್ಳಬಹುದು. ಸಿಟ್ಟು ಬಂದಿದ್ದು ಗೈಡ್ ಮೇಲೆ.

ಗುಡ್‌ವುಡ್ ಅಂದರೆ ರಿಚ್ಮಂಡ್ ಡ್ಯೂಕ್‌ಗಳ ಮನೆ. ಡ್ಯೂಕ್ ಅಂದರೆ ದೊರೆ ಕೊಡುವ ಅತಿ ದೊಡ್ಡ ಬಿರುದು. ಈ ಮನೆತನ ಶುರುವಾಗಿದ್ದೇ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಇಟ್ಟುಕೊಂಡಿದ್ದವಳ ಮಗನಿಂದ. ನಮ್ಮ ಗೈಡ್ ಮಾತ್ರ ದಾರಿಯುದ್ದಕ್ಕೂ 'ರಾಜಮನೆತನದ ಹತ್ತಿರದ ಸಂಬಂಧಿಗಳು' ಅಂತಲೇ ಹೇಳಿಕೊಂಡು ಬಂದ. ಅತ್ತೆ ಬಿಡುವವರಲ್ಲ. "ಯಾವ ಕಡೆ ಸಂಬಂಧ ಅಂತ ಕೇಳು. ಚಿಕ್ಕಪ್ಪನ ಮಗನಾ, ಸೋದರಮಾವನ ಮಗನಾ?" ಅಂದರು. ಕೇಳಿದೆ. ಆತ "ಅದು ಸ್ವಲ್ಪ ಕಾಂಪ್ಲಿಕೇಟೆಡ್" ಅಂದು ಕಿಟಕಿಯಾಚೆ ಮೇಯುತ್ತಿದ್ದ ಕುರಿ ತೋರಿಸಿದ.

ಮನೆಯೊಳಗೆ ಹೋದ ಮೇಲೆ ಬಚಾವಾದೆವು. ಅಲ್ಲಿ ಕೋಣೆಗಳನ್ನು ತೋರಿಸುವ ಹಿರಿಯ ಹೆಂಗಸೊಬ್ಬರು ಒಂದು ಚೂರೂ ಮುಚ್ಚಿಡದೆ ಎಲ್ಲ ಹೇಳಿದರು. ಲೂಯಿಸ್ ಡ ಕೆರುಆಲ್ ಅನ್ನುವ ಫ್ರೆಂಚ್ ಹುಡುಗಿ, 1670ರಲ್ಲಿ ಚಾರ್ಲ್ಸ್‌ನ ತಂಗಿಯ ಪರಿವಾರದ ಜೊತೆ ಇಂಗ್ಲೆಂಡಿಗೆ ಬಂದವಳು. 1672ರಲ್ಲಿ ಮಗ ಹುಟ್ಟಿದ, ಮೂರು ವರ್ಷಕ್ಕೇ ಅವನು ರಿಚ್ಮಂಡ್ ಡ್ಯೂಕ್! ರಾಣಿಗೆ ಮಕ್ಕಳಿರಲಿಲ್ಲ, ಬೇರೆ ಹೆಂಗಸರಲ್ಲಿ ದೊರೆಗೆ ಹತ್ತಕ್ಕೂ ಜಾಸ್ತಿ. ಅವರನ್ನೆಲ್ಲ ತನ್ನ ಮಕ್ಕಳೆಂದು ಒಪ್ಪಿಕೊಂಡು ಹಲವರಿಗೆ ಬಿರುದು ಹಂಚಿದ. ಹುಡುಗನ ಖರ್ಚಿಗೆ ಕಲ್ಲಿದ್ದಲಿನ ಸುಂಕ: ನ್ಯೂಕ್ಯಾಸಲ್‌ನಲ್ಲಿ ಹಡಗಿಗೆ ತುಂಬುವ ಪ್ರತಿ ಅಳತೆಗೆ ಒಂದು ಶಿಲ್ಲಿಂಗ್ ಈ ಮನೆಗೆ. ಲಂಡನ್‌ನವರು ಚಳಿಗೆ ಒಲೆ ಹಚ್ಚಿದಾಗಲೆಲ್ಲ ಇವರ ಗಲ್ಲಾಪೆಟ್ಟಿಗೆಗೆ ಕಾಸು ಬೀಳುತ್ತಿತ್ತು. 1799ರಲ್ಲಿ ಸರ್ಕಾರ ಇದನ್ನು ಬಿಡಿಸಿಕೊಳ್ಳಲು ವರ್ಷಕ್ಕೆ 19,000 ಪೌಂಡ್ ಕೊಡಲು ಒಪ್ಪಬೇಕಾಯಿತು ಅಂದರೆ ಆದಾಯ ಎಷ್ಟಿತ್ತೋ ನೀವೇ ಲೆಕ್ಕ ಹಾಕಿ.

"ಹಾಗಾದ್ರೆ ಇವನು ಯಾಕೆ ದೊರೆ ಆಗಲಿಲ್ಲ?" ಅಂದರು ಅತ್ತೆ. ಮದುವೆಯಾಚೆ ಹುಟ್ಟಿದವರಿಗೆ ಬಿರುದು ಸಿಗುತ್ತೆ, ಸಿಂಹಾಸನ ಸಿಗಲ್ಲ. 1685ರಲ್ಲಿ ಚಾರ್ಲ್ಸ್ ಸತ್ತಾಗ ಕಿರೀಟ ಹೋಗಿದ್ದು ಚಾರ್ಲ್ಸ್‌ನ ತಮ್ಮ ಜೇಮ್ಸ್‌ಗೆ. ಚಾರ್ಲ್ಸ್‌ನ ಇನ್ನೊಬ್ಬ ಇಂಥದೇ ಮಗ, ಮನ್‌ಮತ್ ಡ್ಯೂಕ್, ನನಗೇ ಬೇಕು ಅಂತ ದಂಡು ಕಟ್ಟಿಕೊಂಡು ಹೋದ. ಅದೇ ವರ್ಷ ಅವನ ತಲೆ ಹೋಯಿತು.

ನನಗೆ ತುಂಬ ಹಿಡಿಸಿದ್ದು ಮನೆತನದ ಲಾಂಛನ. ಎರಡನೇ ಚಾರ್ಲ್ಸ್‌ನ ಲಾಂಛನವೇ ಅದು, ಸುತ್ತಲೂ ಬಿಳಿ ಕೆಂಪು ತುಂಡುಗಳ ಅಂಚು, ಬಿಳಿ ತುಂಡುಗಳ ಮೇಲೆ ಕೆಂಪು ಗುಲಾಬಿ. ಅತ್ತೆ ನೋಡಿದವರೇ "ಸೀರೆ ಬಾರ್ಡರ್ ಥರ ಇದೆ" ಅಂದರು. ಆ ಬಾರ್ಡರೇ ಗುರುತು: ರಕ್ತ ದೊರೆಯದು, ಹುಟ್ಟು ಮದುವೆಯಾಚೆ. ಮುನ್ನೂರು ವರ್ಷದಿಂದ ಇವರೇ ಅದನ್ನು ಹಾಕಿಕೊಂಡು ತಿರುಗುತ್ತಿರುವಾಗ ನಮ್ಮ ವ್ಯಾನ್ ಗೈಡ್‌ಗೆ ಯಾಕಪ್ಪಾ ಅಷ್ಟು ನಾಚಿಕೆ?

ಮನೆ ಮಾತ್ರ ಸೂಪರ್. ಹೊರಗೆ ಚಕಮಕಿ ಕಲ್ಲಿನ ಗೋಡೆ, ದುಂಡನೆಯ ಗೋಪುರಗಳ ಮೇಲೆ ಹಸಿರುಗಟ್ಟಿದ ತಾಮ್ರದ ಗುಮ್ಮಟ. 1697ರಲ್ಲಿ ಮೊದಲ ಡ್ಯೂಕ್ ಇದನ್ನು ತೆಗೆದುಕೊಂಡಿದ್ದು ನರಿ ಬೇಟೆಗೆ ಬಂದಾಗ ಉಳಿಯೋಕೆ. ಇಟಲಿಯ ಚಿತ್ರಕಾರ ಕಾನಲೆಟ್ಟೊ ಬಿಡಿಸಿದ ಥೇಮ್ಸ್ ನದಿಯ ಚಿತ್ರದ ಮುಂದೆ ನಿಂತು ಸಣ್ಣ ಸಣ್ಣ ದೋಣಿಗಳನ್ನು ನೋಡುತ್ತಿದ್ದರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಈಜಿಪ್ಟ್ ಶೈಲಿಯ ಊಟದ ಕೋಣೆಯ ಕುರ್ಚಿಗಳ ಮೇಲೆ ಮೊಸಳೆ ಕೂತಿದೆ. ಮೂರನೇ ಡ್ಯೂಕ್ 1787ರಲ್ಲಿ ಬೇಟೆ ನಾಯಿಗಳಿಗೆ ಬೆಚ್ಚಗಿರಲೆಂದು ಹೀಟಿಂಗ್ ಇರುವ ಕಟ್ಟಡ ಕಟ್ಟಿಸಿದನಂತೆ, ಆಗ ದೊಡ್ಡ ಮನೆಗೇ ಅದು ಇರಲಿಲ್ಲ.

ಎರಡನೇ ಡ್ಯೂಕ್‌ನ ಮದುವೆ ಕಥೆ ಕೇಳಿ ಅತ್ತೆ ನಕ್ಕಿದ್ದೇ ನಕ್ಕಿದ್ದು. 1719ರಲ್ಲಿ, ಅಪ್ಪಂದಿರ ಜೂಜಿನ ಸಾಲ ಚುಕ್ತಾ ಮಾಡೋಕೆ, 18ರ ಹುಡುಗನಿಗೆ 13ರ ಸಾರಾ ಕ್ಯಾಡೊಗನ್ ಜೊತೆ ಮದುವೆ. ಹುಡುಗಿ ಚೆನ್ನಾಗಿಲ್ಲ ಅಂತ ಮುಖ ಸಿಂಡರಿಸಿ, ಮದುವೆ ಮುಗಿದದ್ದೇ ಯುರೋಪ್ ಸುತ್ತಲು ಹೊರಟುಬಿಟ್ಟ. ವರ್ಷಗಳ ಮೇಲೆ ವಾಪಸ್ ಬಂದವನು ಮೊದಲು ಹೋಗಿದ್ದು ನಾಟಕಕ್ಕೆ. ಅಲ್ಲಿ ಒಬ್ಬ ಚೆಲುವೆಯನ್ನು ಕಂಡು ಯಾರು ಅಂತ ವಿಚಾರಿಸಿದರೆ, ಅವನದೇ ಹೆಂಡತಿ! ಆಮೇಲೆ ಚೆನ್ನಾಗಿಯೇ ಬಾಳಿದರಂತೆ.

ಕ್ರಿಕೆಟ್ ಹುಚ್ಚಿರುವವರಿಗೂ ಇವನೇ ಬೇಕು. 1727ರಲ್ಲಿ ಬ್ರಾಡ್ರಿಕ್ ಅನ್ನುವವನ ತಂಡದ ಜೊತೆ ಪಂದ್ಯ ಕಟ್ಟಿ ನಿಯಮಗಳನ್ನು ಬರೆಸಿದ, ಬರಹದಲ್ಲಿ ಉಳಿದ ಕ್ರಿಕೆಟ್ ನಿಯಮಗಳಲ್ಲಿ ಅತಿ ಹಳೆಯವು ಇವೇ. ಒಂದು ಕಡೆಗೆ ಹನ್ನೆರಡು ಜನ. ಆಟದ ಬಗ್ಗೆ ಯಾರಾದರೂ ತಕರಾರು ತೆಗೆದರೆ ಮೈದಾನದಿಂದ ಆಚೆಗೆ, ಆದರೆ ಡ್ಯೂಕ್‌ಗೂ ಬ್ರಾಡ್ರಿಕ್‌ಗೂ ಈ ನಿಯಮ ಅನ್ವಯಿಸಲ್ಲ. ಹೇಗಿದೆ?

1815ರ ಜೂನ್ 15ರಂದು, ನೆಪೋಲಿಯನ್ ಸೋತ ವಾಟರ್ಲೂ ಯುದ್ಧಕ್ಕೆ ಮೂರು ದಿನ ಮುಂಚೆ, ಬ್ರಸೆಲ್ಸ್‌ನಲ್ಲಿ ನಾಚ್ ಪಾರ್ಟಿ ಕೊಟ್ಟವಳೂ ಇದೇ ಮನೆಯ ಡಚೆಸ್, ಅಂದರೆ ಡ್ಯೂಕ್‌ನ ಹೆಂಡತಿ. ಅಲ್ಲಿಗೆ ಬಂದಿದ್ದ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ಅಂದರೆ ನಮ್ಮ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಕೋಟೆ ಆಳಿದ ಆರ್ಥರ್ ವೆಲ್ಲೆಸ್ಲಿಯೇ. ಮಂಡ್ಯ ಕಡೆಯ ಅತ್ತೆ ಆ ಹೆಸರು ಕೇಳಿ ಮುಖ ಗಂಟು ಹಾಕಿಕೊಂಡರು. ರಾಜಕುಮಾರಿ ಡಯಾನಾ ಕೂಡ ಇದೇ ವಂಶದ ಹೆಣ್ಣುಮಕ್ಕಳ ಕಡೆಯಿಂದ ಬಂದವಳು ಅಂದಾಗ ಗಂಟು ಬಿಚ್ಚಿತು.

ಹೋಗುವವರಿಗೆ: ಟೂರ್ ವ್ಯಾನ್ ಬೇಡ. ಲಂಡನ್‌ನ ವಿಕ್ಟೋರಿಯಾ ಸ್ಟೇಷನ್‌ನಿಂದ ಗುಡ್‌ವುಡ್ ಹತ್ತಿರದ ಚಿಚೆಸ್ಟರ್‌ಗೆ ಒಂದೂವರೆ ಗಂಟೆ ಚಿಲ್ಲರೆ ರೈಲು, ಅಲ್ಲಿಂದ ಟ್ಯಾಕ್ಸಿ. ಮನೆ ಎಲ್ಲ ದಿನ ತೆರೆದಿರುವುದಿಲ್ಲ, ಮೊದಲೇ ನೋಡಿಕೊಂಡು ಹೊರಡಿ.

ಇಳಿಯುವಾಗ ಗೈಡ್ ಐದು ಸ್ಟಾರ್ ಕೊಡಿ ಅಂತ ಕೇಳಿಕೊಂಡ. ಎರಡು ಕೊಟ್ಟಿದ್ದೇನೆ. ಆ ಎರಡೂ ಕುರಿಗಳಿಗೆ.