ಮ್ಯಾಕ್‌ಮಾಸ್ಟರ್ ಸ್ಲೈಡ್: ಮೂರು ವರ್ಷ ಹಿಕ್ಕೆ ಪರೀಕ್ಷೆ ಮಾಡಿದ ಮೇಲೆ

ಮಳವಳ್ಳಿ ಕಡೆ ನಮ್ಮದೊಂದು ಸಣ್ಣ ಮಂದೆ. ಬನ್ನೂರು ಕುರಿ 32, ಮೇಕೆ 9. ಜಂತುಹುಳು ಎಷ್ಟಿದೆ ಎಂದು ನೋಡಲು ಮೂರು ವರ್ಷದಿಂದ ಮ್ಯಾಕ್‌ಮಾಸ್ಟರ್ ಸ್ಲೈಡ್ ಬಳಸುತ್ತಿದ್ದೇನೆ. ಹಿಕ್ಕೆಯಲ್ಲಿ ಬೀಳುವ ಹುಳುವಿನ ಮೊಟ್ಟೆ ಎಣಿಸಲೆಂದು ಗೆರೆ ಎಳೆದ, ಎರಡು ಕೋಣೆಯ ಸ್ಲೈಡ್ ಅದು. ಸ್ಲೈಡ್, ಕಾಲೇಜು ಮಕ್ಕಳು ಬಳಸುವಂಥ ಮೈಕ್ರೋಸ್ಕೋಪು, ಪುಟ್ಟ ತೂಕದ ಯಂತ್ರ ಎಲ್ಲ ಸೇರಿ ಒಂದು ಒಳ್ಳೆ ಟಗರಿನ ದುಡ್ಡಾಯಿತು.

ಮೊದಲೆಲ್ಲ ಮೂರು ತಿಂಗಳಿಗೊಮ್ಮೆ ಇಡೀ ಮಂದೆಗೆ ಒಂದೇ ಔಷಧಿ ಕುಡಿಸುತ್ತಿದ್ದೆ. ಒಂದು ಮಳೆಗಾಲ ನಾಲ್ಕು ಕುರಿಗಳ ದವಡೆ ಕೆಳಗೆ ನೀರು ತುಂಬಿ ಊದಿಕೊಂಡಿತು. ಎರಡು ಸತ್ತವು. ಔಷಧಿ ಕುಡಿಸಿ ಹದಿನೈದು ದಿನವೂ ಆಗಿರಲಿಲ್ಲ. ಆಗ ಪಶು ಡಾಕ್ಟರು, 'ಔಷಧಿ ಕೆಲಸ ಮಾಡ್ತಿದೆಯೋ ಇಲ್ವೋ, ಮೊಟ್ಟೆ ಎಣಿಸಿ ನೋಡೋಣ ಕಣಪ್ಪ' ಅಂದರು.

ಮಾಡುವ ರೀತಿ ಸುಲಭ. ಹಿಕ್ಕೆಯನ್ನು ನೆಲದಿಂದ ಎತ್ತಬಾರದು, ಕೈಗವಸು ಹಾಕಿ ಗುದದಿಂದಲೇ ತೆಗೆಯಬೇಕು. 4 ಗ್ರಾಂ ಹಿಕ್ಕೆಗೆ 56 ಮಿಲಿ ಉಪ್ಪುನೀರು. ಉಪ್ಪು ಇನ್ನು ಕರಗುವುದಿಲ್ಲ ಎನ್ನುವಷ್ಟು ಗಟ್ಟಿಯಾಗಿರಬೇಕು ಆ ನೀರು. ಚೆನ್ನಾಗಿ ಕಿವುಚಿ, ಟೀ ಜಾಲರಿಯಲ್ಲಿ ಸೋಸಿ, ಸ್ಲೈಡಿನ ಎರಡೂ ಕೋಣೆಗೆ ತುಂಬಬೇಕು. ಐದು ನಿಮಿಷ ಬಿಟ್ಟರೆ ಕಸ ಕೆಳಗೆ ಕೂರುತ್ತದೆ, ಮೊಟ್ಟೆ ತೇಲಿ ಗಾಜಿಗೆ ಅಂಟುತ್ತದೆ. ಎರಡೂ ಕೋಣೆಯ ಗೆರೆಗಳ ಒಳಗಿರುವುದನ್ನು ಎಣಿಸಿ ಕೂಡಿ 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿ ಎಷ್ಟು ಮೊಟ್ಟೆ ಎಂದು ಸಿಗುತ್ತದೆ. 50 ಯಾಕೆ ಅಂದರೆ, ಒಂದು ಕೋಣೆಯ ಗೆರೆಗಳ ಅಡಿಯಲ್ಲಿ ನಿಲ್ಲುವುದು 0.15 ಮಿಲಿ ಮಾತ್ರ. ಎರಡೂ ಸೇರಿ 0.3 ಮಿಲಿ, ಅದರಲ್ಲಿರುವ ಹಿಕ್ಕೆ ಒಂದು ಗ್ರಾಮಿನ ಐವತ್ತರಲ್ಲಿ ಒಂದು ಪಾಲು. ಸಿಡ್ನಿಯ ಮ್ಯಾಕ್‌ಮಾಸ್ಟರ್ ಪ್ರಯೋಗಾಲಯದವರು 1930ರ ದಶಕದಲ್ಲಿ ಕುರಿಗೆಂದೇ ಮಾಡಿದ ಲೆಕ್ಕವಿದು.

ಮೊದಲ ವಾರ ಗಾಳಿಗುಳ್ಳೆ ಯಾವುದು, ಮೊಟ್ಟೆ ಯಾವುದು ಎಂದೇ ತಿಳಿಯಲಿಲ್ಲ. ಆಮೇಲೆ ಕಣ್ಣು ಪಳಗಿತು. ಮೊಟ್ಟೆ ಕೋಳಿಮೊಟ್ಟೆಯಂತೆ ಉದ್ದುಂಡಗೆ, ಒಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಕಾಣುತ್ತದೆ. ಹತ್ತು ಕುರಿಗಳ ಸರಾಸರಿ 1,400 ಬಂತು. ಅದೇ ಹಳೆ ಔಷಧಿ ಕುಡಿಸಿ 14 ದಿನದ ಮೇಲೆ ಮತ್ತೆ ಎಣಿಸಿದರೆ 900! ಕೆಲಸ ಮಾಡುವ ಔಷಧಿಯಾದರೆ ನೂರಕ್ಕೆ 95ರಷ್ಟಾದರೂ ಇಳಿಯಬೇಕು. ಅಷ್ಟು ವರ್ಷ ನಾನು ಕುಡಿಸಿದ್ದು ಹುಳುಗಳಿಗೆ ಆಗಲೇ ಒಗ್ಗಿಹೋಗಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಡಾಕ್ಟರು ಬೇರೆ ಗುಂಪಿನ ಔಷಧಿ ಬರೆದುಕೊಟ್ಟರು, ಅದಾದ ಮೇಲೆ ಲೆಕ್ಕ 50ಕ್ಕೆ ಇಳಿಯಿತು.

ಇನ್ನೊಂದು ವಿಷಯ ತಿಳಿಯಿತು. ಎಲ್ಲ ಕುರಿಗಳ ಹೊಟ್ಟೆಯಲ್ಲೂ ಹುಳು ಒಂದೇ ಸಮ ಇರುವುದಿಲ್ಲ. ಜಾಸ್ತಿ ಮೊಟ್ಟೆ ಬೀಳುವುದು ಕೆಲವೇ ಪ್ರಾಣಿಗಳಿಂದ. ಕಳೆದ ಮುಂಗಾರಿನಲ್ಲಿ 41ರಲ್ಲಿ ಔಷಧಿ ಬೇಕಾಗಿದ್ದು 11ಕ್ಕೆ ಮಾತ್ರ.

ಈಗ ಕೊರತೆಗಳು. ರಕ್ತ ಹೀರುವ ಹೆಮಾಂಕಸ್ ಹುಳುವಿನ ಮೊಟ್ಟೆಗೂ ಅದರ ಜೊತೆಯ ಬೇರೆ ದುಂಡುಹುಳುಗಳ ಮೊಟ್ಟೆಗೂ ಇಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಲಿವರ್‌ಗೆ ಸೇರುವ ಚಪ್ಪಟೆ ಹುಳುವಿನ ಮೊಟ್ಟೆ ಭಾರ, ಉಪ್ಪುನೀರಿನಲ್ಲಿ ತೇಲುವುದೇ ಇಲ್ಲ. ನಾಲೆ ಬಯಲಿನಲ್ಲಿ ಮೇಯಿಸುವವರು ಇದನ್ನು ನೆನಪಿಡಬೇಕು. ಅದಕ್ಕೆ ನಾನು ಹಿಕ್ಕೆಯನ್ನು ಪಶು ಆಸ್ಪತ್ರೆಗೇ ಕೊಟ್ಟು, ಮೊಟ್ಟೆ ತಳಕ್ಕೆ ಕೂರಿಸಿ ನೋಡುವ ಪರೀಕ್ಷೆ ಮಾಡಿಸುತ್ತೇನೆ.

ನನಗೆ ತುಂಬ ನೋವಾಗಿದ್ದು ಎರಡನೇ ವರ್ಷ. ಒಂದು ಎಳೆ ಹೆಣ್ಣುಕುರಿಯ ಲೆಕ್ಕ 150 ಮಾತ್ರ ಬಂತು. ಸುಮ್ನೆ ಬಿಟ್ಟೆ. ಐದನೇ ದಿನ ಸತ್ತಿತು. ಹೊಟ್ಟೆ ಕೊಯ್ದು ನೋಡಿದರೆ ತುಂಬ ಎಳೆ ಹುಳು. ಹೊಟ್ಟೆ ಸೇರಿದ ಹುಳು ಮೊಟ್ಟೆ ಇಡಲು ಮೂರು ವಾರದಷ್ಟು ಬೇಕು, ಆದರೆ ರಕ್ತ ಹೀರುವುದು ಅದಕ್ಕೂ ಮೊದಲೇ ಶುರು. ಅಂದಿನಿಂದ ಲೆಕ್ಕ ಎಷ್ಟೇ ಇರಲಿ, ಕಣ್ಣಿನ ಕೆಳ ರೆಪ್ಪೆ ಮಗುಚಿ ಬಣ್ಣ ನೋಡುತ್ತೇನೆ. ಕೆಂಪಗಿದ್ದರೆ ಬಿಡುತ್ತೇನೆ, ಬಿಳಿಚಿಕೊಂಡಿದ್ದರೆ ಕಾಯುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇನೆ.

ಕೊಳ್ಳುವವರು ಗಾಜಿನ ಸ್ಲೈಡನ್ನೇ ತಗೊಳ್ಳಿ. ನನ್ನ ಮೊದಲ ಪ್ಲಾಸ್ಟಿಕ್ ಸ್ಲೈಡ್ ಎಂಟೇ ತಿಂಗಳಲ್ಲಿ ಗೀರು ಬಿದ್ದು ಮಬ್ಬಾಯಿತು. ಎಣಿಸಿದ ಕೂಡಲೇ ಒಳ್ಳೆ ನೀರಲ್ಲಿ ತೊಳೆಯಿರಿ, ಒಣಗಿದರೆ ಉಪ್ಪಿನ ಹರಳು ಕೋಣೆಯೊಳಗೆ ಕೂತುಬಿಡುತ್ತದೆ.